ಒಂದು ಮಂಗಳ ಹಾಡೋಕೂ ಪುರುಸೊತ್ತಿಲ್ಲವಾ?

ಶುಕ್ರವಾರ ಸಂಜೆ ನನ್ನ ಧಾರಾವಾಹಿ ಮುಗಿಯಿತು. ಯಾವುದು ಅಂತ ನಿಮಗೆಲ್ಲ ಹೇಳಬೇಕಿಲ್ಲ. ಮೂರೂವರೆ ವರ್ಷದಿಂದ ಆ ಅರ್ಧ ಗಂಟೆ ಯಾರ ಫೋನನ್ನೂ ಎತ್ತದವಳು ನಾನು. ಹೆಸರು ಬರೆದು ಯಾರನ್ನೋ ಬೈಯೋದು ನನಗೆ ಬೇಡ. ಆದರೆ ಮೂರು ದಿನದಿಂದ ಹೊಟ್ಟೆ ಉರಿಯುತ್ತಿದೆ. ಬರೆದೇ ಬಿಡುತ್ತೇನೆ.

ಕೊನೇ ಸಂಚಿಕೆ ಅಂತ ಅವತ್ತು ಮಂಡಕ್ಕಿ, ಮೆಣಸಿನಕಾಯಿ ತರಿಸಿದ್ದೆ. ಅತ್ತೆಗೆ ಮೆತ್ತಗೆ ನೆನೆಸಿ ಒಗ್ಗರಣೆ ಹಾಕಿಕೊಟ್ಟಿದ್ದೆ. ಇಬ್ಬರೂ ಟಿವಿ ಮುಂದೆ ಕೂತೆವು. ಮೂರು ವರ್ಷ ಆ ಮನೆಯವರ ಅನ್ನಕ್ಕೆ ಮಣ್ಣು ಹಾಕಿದ ದೊಡ್ಡ ಸೊಸೆ ಎರಡು ಜಾಹೀರಾತಿನ ನಡುವೆ ಅತ್ತು, ಕಾಲಿಗೆ ಬಿದ್ದು, ಒಳ್ಳೆಯವಳಾದಳು. ಕೋರ್ಟಿನಲ್ಲಿದ್ದ ಆಸ್ತಿ ಕೇಸು ಒಂದು ಫೋನಿನಲ್ಲಿ ಮುಗಿಯಿತು. ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ‘ಶುಭಂ’ ಅಂತ ಬಂತು. ಕಣ್ಣು ಒರೆಸಿಕೊಳ್ಳುವುದರೊಳಗೆ ಸೋಮವಾರದ ಹೊಸ ಧಾರಾವಾಹಿಯ ಪ್ರೋಮೋ ಶುರುವಾಗಿತ್ತು.

ಮತ್ತೆ ಆ ಸಣ್ಣ ಹುಡುಗಿ? ಓದುತ್ತೇನೆ ಅಂತ ಹಟ ಹಿಡಿದು, ಮನೆಯವರ ಜೊತೆ ಜಗಳವಾಡಿ, ರಾತ್ರಿ ಬಸ್ಸಿಗೆ ಧಾರವಾಡಕ್ಕೆ ಹೋದಳಲ್ಲ, ಕಿರೀ ಮಗಳು? ಎಂಟು ತಿಂಗಳಾಯಿತು ಅವಳನ್ನು ನೋಡಿ. ಆ ಫೋಟೋದಲ್ಲಿ ಅವಳಿಲ್ಲ. ಒಬ್ಬರ ಬಾಯಲ್ಲೂ ಅವಳ ಹೆಸರಿಲ್ಲ.

ಇದೇ ಧಾರಾವಾಹಿಯಲ್ಲಿ ಒಂದು ಸೀಮಂತ ಎರಡು ವಾರ ನಡೆದಿತ್ತು. ಬಳೆ ತೊಡಿಸೋಕೆ ಒಂದು ದಿನ, ಉಡಿ ತುಂಬೋಕೆ ಒಂದು ದಿನ. ನಾವು ಬೇಜಾರಿಲ್ಲದೆ ನೋಡಿದೆವು. ಅಷ್ಟು ದಿನ ಎಳೆಯೋಕೆ ಸಮಯವಿತ್ತು. ಆ ಹುಡುಗಿಯನ್ನು ಬಸ್ಸಿಂದ ಇಳಿಸೋಕೆ ಎರಡು ನಿಮಿಷ ಇರಲಿಲ್ಲವಾ?

ಸುಳಿವು ನಮಗೆ ಮೊದಲೇ ಸಿಕ್ಕಿತ್ತು. ಏಳೂವರೆಗೆ ಬರುತ್ತಿದ್ದದ್ದನ್ನು ಆರು ಗಂಟೆಗೆ ತಂದರು. ಧಾರಾವಾಹಿ ನೋಡುವವರಿಗೆ ಅದರ ಅರ್ಥ ಗೊತ್ತು, ಇನ್ನೇನು ಮುಗಿಸುತ್ತಾರೆ ಅಂತ. ಆರು ಗಂಟೆ ಅಂದರೆ ದೀಪ ಹಚ್ಚುವ ಹೊತ್ತು. ನಮ್ಮ ನಿಟುವಳ್ಳಿ ಬಡಾವಣೆಯ ಹೆಂಗಸರು ನಾನು ಹೊಲಿದ ಬ್ಲೌಸ್ ತಗೊಂಡು ಹೋಗೋಕೆ ಬರುವ ಹೊತ್ತೂ ಅದೇ. ಕೈ ಫಾಲ್ಸ್ ಮೇಲೆ, ಕಣ್ಣು ಟಿವಿ ಮೇಲೆ ಇಟ್ಟುಕೊಂಡು ಆಗಲೂ ಬಿಡದೆ ನೋಡಿದೆ.

ಧಾರಾವಾಹಿ ಮುಗಿಯಲೇಬಾರದು ಅಂತ ನಾನು ಹೇಳುವುದಿಲ್ಲ. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬರುವಾಗಿನಿಂದ ನೋಡುತ್ತಿದ್ದೇನೆ. ‘ಅಗ್ನಿಸಾಕ್ಷಿ’ 2013ರ ಕೊನೆಗೆ ಶುರುವಾಗಿ 2020ರ ಜನವರಿಗೆ ಮುಗಿಯಿತು. ‘ಕನ್ನಡತಿ’ಯೂ ಮೂರು ವರ್ಷ ಬಂದು 2023ರಲ್ಲಿ ಮುಗಿಯಿತು. ಬೇಜಾರಾಯಿತು, ಸುಧಾರಿಸಿಕೊಂಡೆ. ‘ಮಗಳು ಜಾನಕಿ’ಯಂತೂ 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ಕತೆಯ ನಡುವೆಯೇ ನಿಂತಿತು. ಆದರೆ ಅದರ ನಿರ್ದೇಶಕ ಟಿ.ಎನ್. ಸೀತಾರಾಮ್ ಅವರು ಇದೇ ಫೇಸ್‌ಬುಕ್‌ನಲ್ಲಿ ತಾವೇ ಬರೆದು ಹೇಳಿದರು. ಕತೆ ಪೂರ್ತಿ ಸಿಗಲಿಲ್ಲ, ಒಂದು ಮಾತಾದರೂ ಸಿಕ್ಕಿತು. ನನಗೆ ಬೇಕಿದ್ದದ್ದು ಅಷ್ಟೇ.

ನನ್ನ ಮಗ ಹೇಳುತ್ತಾನೆ, ‘ಟಿಆರ್‌ಪಿ ಬಿದ್ದಮೇಲೆ ಯಾರಮ್ಮ ದುಡ್ಡು ಹಾಕ್ತಾರೆ?’ ಅಂತ. ಟಿಆರ್‌ಪಿ ಲೆಕ್ಕ ನನಗೂ ಗೊತ್ತು. ಯಾರು ಯಾವ ಚಾನೆಲ್ ನೋಡುತ್ತಾರೆ ಅಂತ ಲೆಕ್ಕ ಇಡುವ ಬಾರ್ಕ್‌ ಸಂಸ್ಥೆಯವರು ದೇಶದಲ್ಲೆಲ್ಲ ಸೇರಿ 50,000ಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ. ಯಾವ ಮನೆ ಅನ್ನುವುದು ಗುಟ್ಟು. ಆ ಮನೆಗಳವರು ನೋಡಿದ್ದರ ಮೇಲೆ ವಾರ ವಾರ ನಂಬರ್ ಬರುತ್ತದೆ. ನಮ್ಮ ಮನೆಯಲ್ಲಿ ಆ ಮೀಟರ್ ಇಲ್ಲ. ಬೆಂಗಳೂರಲ್ಲಿರುವ ನನ್ನ ಮಗಳು ಕೆಲಸ ಮುಗಿಸಿ ಬಸ್ಸಲ್ಲಿ ಬರುತ್ತಾ ಮೊಬೈಲ್‌ನಲ್ಲಿ ನೋಡುತ್ತಿದ್ದಳು. ಅದೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಇರಲಿ. ನಷ್ಟವಾದರೆ ನಿಲ್ಲಿಸಲಿ, ಯಾರು ಬೇಡ ಅಂದರು? ನಾನೂ ಬಾಡಿಗೆ ಕಟ್ಟೋಕೆ ಆಗದೆ ಹೊಲಿಗೆ ಅಂಗಡಿ ಬಿಟ್ಟವಳೇ. ಹದಿನೈದು ದಿನ ಮುಂಚೆ ಬಾಗಿಲಿಗೆ ಬೋರ್ಡ್ ಹಾಕಿದ್ದೆ. ಖಾಯಂ ಗಿರಾಕಿಗಳಿಗೆಲ್ಲ ಬಾಯಲ್ಲೂ ಹೇಳಿದ್ದೆ. ಕೊನೇ ಮೂರು ರಾತ್ರಿ ನಿದ್ದೆಗೆಟ್ಟು ಕೈಯಲ್ಲಿದ್ದ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿದೆ. ತೋಳು ಹಚ್ಚದೆ ಅರ್ಧಕ್ಕೆ ಬಿಟ್ಟ ಬ್ಲೌಸನ್ನು ಯಾರ ಕೈಗೂ ಕೊಡಲಿಲ್ಲ.

ನಮ್ಮದು ದಾವಣಗೆರೆ. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು, ರಂಗನಟಿ ಚಿಂದೋಡಿ ಲೀಲಾ ಅವರ ಊರು. ಸಣ್ಣವಳಿದ್ದಾಗ ಅಪ್ಪನ ಜೊತೆ ಎಷ್ಟು ಕಂಪನಿ ನಾಟಕ ನೋಡಿದ್ದೇನೋ. ಕ್ಯಾಂಪ್ ಮುಗಿಯುತ್ತದೆ ಅನ್ನುವಾಗ ಊರೆಲ್ಲ ಮೈಕಿನಲ್ಲಿ ಕೂಗುತ್ತಿದ್ದರು. ಆಟ ಮುಗಿದ ಮೇಲೆ ಬಣ್ಣದಲ್ಲೇ ಬಂದು ನಿಂತು ಕೈ ಮುಗಿಯುತ್ತಿದ್ದರು. ಚಾಪೆ ಮೇಲೆ ಕೂತ ನಮ್ಮಂಥವರಿಗೂ ಸೇರಿಸಿ. ಅದಾದ ಮೇಲೇ ನಾವು ಏಳುತ್ತಿದ್ದದ್ದು.

ಇನ್ನೊಂದು ವಿಷಯ ಇದೆ. ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಮನೆ ಪಾಲಾದ ಮೇಲೆ ಆರು ವರ್ಷ ನನಗೂ ನಮ್ಮ ಅತ್ತೆಗೂ ಮಾತಿರಲಿಲ್ಲ. ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದು ನಮ್ಮ ಮನೆಗೆ ಬಂದರು. ಮೊದಮೊದಲು ‘ನೀರು’, ‘ಮಾತ್ರೆ’, ಅಷ್ಟೇ ಮಾತು. ನಾನೂ ಕೇಳಿದ್ದು ಕೊಟ್ಟು ಸುಮ್ನೆ ಬರುತ್ತಿದ್ದೆ. ಒಂದು ದಿನ ಧಾರಾವಾಹಿ ನೋಡುತ್ತಾ ಮಂಚದಿಂದಲೇ ಅಂದರು, ‘ಈಕಿ ಸುಳ್ಳು ಹೇಳ್ತಾಳೆ ನೋಡವ್ವ.’ ನಾನು ‘ಹೂಂ ಅತ್ತೆ, ಪಕ್ಕಾ ಸುಳ್ಳಿ’ ಅಂದೆ. ಅಲ್ಲಿಂದ ಶುರುವಾಯಿತು. ದಿನಾ ಜಾಹೀರಾತು ಬಂದಾಗಲೆಲ್ಲ ಮಾತು. ಆಮೇಲೆ ಟಿವಿ ಆಫ್ ಮಾಡಿದ ಮೇಲೂ ಮಾತು.

ಅವರಿಗೆ ಆ ಸಣ್ಣ ಹುಡುಗಿ ಅಂದರೆ ಪ್ರಾಣ. ಅವಳು ಬಸ್ ಹತ್ತಿದ ದಿನ ಅತ್ತೆ ಅಳುತ್ತಿದ್ದರು. ‘ನನ್ನ ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರವ್ವ. ಪಾಟೀನೂ ಕಸಕಂಡ್ರು’ ಅಂದರು. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷ. ನನಗೆ ಗೊತ್ತೇ ಇರಲಿಲ್ಲ.

ಶುಕ್ರವಾರ ಆ ಫೋಟೋ ಬಂದಾಗ ಅತ್ತೆ ಒಂದೊಂದೇ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಸಣ್ಣಾಕಿ ಎಲ್ಲವ್ವ?’ ಅಂದರು. ನಾನು ಏನು ಹೇಳಲಿ? ಶನಿವಾರವೂ ಕೇಳಿದರು. ಇವತ್ತೂ ಕೇಳಿದರು.

ಈ ಕತೆ ಬರೆದವರ ಪರಿಚಯ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಇದನ್ನು ಅವರಿಗೆ ತಲುಪಿಸಿ. ಸಿಟ್ಟು ಅವರ ಮೇಲಲ್ಲ. ಮುಗಿಸಿ ಅಂತ ಅವರಿಗೂ ಯಾರೋ ಹೇಳಿರುತ್ತಾರೆ. ಆದರೆ ಆ ಹುಡುಗಿಗೆ ಮುಂದೆ ಏನು ಮಾಡಬೇಕು ಅಂತ ಅವರ ಮನಸ್ಸಲ್ಲಿ ಏನೋ ಇದ್ದೇ ಇರುತ್ತದೆ ಅಲ್ವಾ? ಪರೀಕ್ಷೆ ಪಾಸಾದಳಾ? ಮನೆಗೆ ಬಂದಳಾ? ಎರಡು ಸಾಲು ಬರೆದು ಕಳಿಸಲಿ, ಸಾಕು. ನಾನು ಅತ್ತೆಗೆ ಓದಿ ಹೇಳುತ್ತೇನೆ.