ಡಿಸೋಜರ ನೆತ್ತಿಯ ಮೇಲಿನ ಅಲ್ಪವಿರಾಮ

ಪ್ಯಾನ್‌ಗೆ ಆಧಾರ್ ಜೋಡಿಸುವ ಮಹಾಯಜ್ಞದ ಕಥೆಯನ್ನು ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2023ರ ಜೂನ್ 30 ಕಡೆಯ ದಿನವಾಗಿತ್ತು, ತಡವಾಗಿ ಬಂದವರಿಗೆ ಒಂದು ಸಾವಿರ ರೂಪಾಯಿ ದಕ್ಷಿಣೆಯಿತ್ತು. ದಕ್ಷಿಣೆ ತೆತ್ತೂ ಫಲ ಕಾಣದವರಲ್ಲಿ ಕರಾವಳಿಯ ಡಿಸೋಜರ ಪಾಡು ಸ್ವಲ್ಪ ವಿಶೇಷವಾದದ್ದು. ಇಂಗ್ಲಿಷಿನಲ್ಲಿ ಬರೆದಾಗ ಅವರ ಹೆಸರಿನ ಡಿ ಅಕ್ಷರದ ಪಕ್ಕದಲ್ಲಿ, ನೆತ್ತಿಯ ಎತ್ತರದಲ್ಲಿ, ಅಪಾಸ್ಟ್ರಫಿ ಎಂಬ ಅಲ್ಪವಿರಾಮವೊಂದು ನೇತಾಡುತ್ತಿರುತ್ತದೆ. ನಮ್ಮ ಎಷ್ಟೋ ಆನ್‌ಲೈನ್ ಅರ್ಜಿಗಳಿಗೆ ಅದು ಹೆಸರಿನ ಭಾಗವಲ್ಲ, 'ವಿಶೇಷ ಚಿಹ್ನೆ'. ಅದನ್ನು ಒತ್ತಿದ ಕೂಡಲೇ ಪರದೆಯ ಮೇಲೆ ಕೆಂಪಕ್ಷರದ ಎಚ್ಚರಿಕೆ ಮೂಡುತ್ತದೆ. ಒಂದು ದಾಖಲೆಯಲ್ಲಿ ಚಿಹ್ನೆ ಉಳಿದು, ಇನ್ನೊಂದರಲ್ಲಿ ಅಳಿದು, ಮೂರನೆಯದರಲ್ಲಿ ಅದರ ಜಾಗ ಖಾಲಿ ಬಿದ್ದಿದ್ದರೆ ಒಬ್ಬ ಡಿಸೋಜರು ಸರ್ಕಾರದ ಕಣ್ಣಿಗೆ ಮೂವರಾಗುತ್ತಾರೆ.

ಆ ಚಿಹ್ನೆಯನ್ನು ಕಂಡರೆ ಅರ್ಜಿಗಳಿಗಿರುವ ಭಯಕ್ಕೆ ಕಾರಣವಿದೆಯೆಂದು ಒಪ್ಪಬೇಕು. ದತ್ತಾಂಶ ನಿರ್ವಹಣೆಯ ಭಾಷೆಯಲ್ಲಿ ಆ ಚಿಹ್ನೆಗೆ 'ಪಠ್ಯ ಇಲ್ಲಿಗೆ ಮುಗಿಯಿತು' ಎಂಬ ಅರ್ಥವಿದೆ; ಅದರ ಬೆನ್ನಿಗೆ ಯಾವನಾದರೂ ಕಿಡಿಗೇಡಿ ಆಜ್ಞೆಯೊಂದನ್ನು ಅಂಟಿಸಿ ಕಳುಹಿಸಿದರೆ ಇಡೀ ಪಟ್ಟಿಯೇ ಅಳಿಸಿಹೋಗಬಹುದು. ಬಂದ ಹೆಸರನ್ನು ಆಜ್ಞೆಯೊಂದಿಗೆ ಬೆರೆಸದೆ ಬರೀ ಹೆಸರೆಂದೇ ಸ್ವೀಕರಿಸುವಂತೆ ತಂತ್ರಾಂಶ ಬರೆಯುವುದು ಇದಕ್ಕೆ ಎಲ್ಲರೂ ಬಲ್ಲ ಹಳೆಯ ಪರಿಹಾರ. ಆದರೆ ತಂತ್ರಾಂಶವನ್ನು ತಿದ್ದುವುದಕ್ಕಿಂತ ಡಿಸೋಜರನ್ನು ತಿದ್ದುವುದು ಅಗ್ಗವೆಂಬ ಸತ್ಯವನ್ನು ಕಂಡುಕೊಂಡವರ ಮುಂದಾಲೋಚನೆಯನ್ನು ಮೆಚ್ಚಲೇಬೇಕು.

ಪ್ಯಾನ್ ಸಂಖ್ಯೆಯ ಐದನೆಯ ಅಕ್ಷರ ಕುಲನಾಮದ ಮೊದಲ ಅಕ್ಷರವಾಗಿರುತ್ತದೆ. ಹಾಗಾದರೆ ಡಿಸೋಜರ ಕುಲನಾಮ ಆರಂಭವಾಗುವುದು ಡಿ ಅಕ್ಷರದಿಂದಲೋ ಎಸ್ ಅಕ್ಷರದಿಂದಲೋ? ಬಿಡಿಸಿ ಬರೆದವರಿಗೆ ಒಂದು ಉತ್ತರ, ಕೂಡಿಸಿ ಬರೆದವರಿಗೆ ಇನ್ನೊಂದು. ಕುಲನಾಮವೇ ಇಲ್ಲದೆ ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಇನಿಷಿಯಲ್ಲಿನಲ್ಲಿ ಹೊತ್ತು ತಿರುಗುವ ನಮ್ಮ ಬಯಲುಸೀಮೆಯ ಗೌಡರೂ ಶಂಕರಪ್ಪಗಳೂ ಅರ್ಜಿಯ ಕುಲನಾಮದ ಅಂಕಣದ ಎದುರು ಬೆವರಿದ್ದಾರಾದ್ದರಿಂದ ಡಿಸೋಜರು ತಮಗೊಬ್ಬರಿಗೇ ಅನ್ಯಾಯವಾಯಿತೆಂದು ಭಾವಿಸಬಾರದು.

ತಮಾಷೆಯೆಂದರೆ, ಒಬ್ಬ ವ್ಯಕ್ತಿಯನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಗುರುತಿಸುವ ಕೆಲಸಕ್ಕೆ ಈ ಹೆಸರಿನಷ್ಟು ಅಯೋಗ್ಯವಾದದ್ದು ಇನ್ನೊಂದು ಸಿಗುವುದು ಕಷ್ಟ. ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿ ದೋರು ನದಿಯನ್ನು ಸೇರುವ ಸೋಜ ಎಂಬ ಚಿಕ್ಕ ಹೊಳೆಯೊಂದಿದೆ. ಅದರ ದಡದ ಸಾಮಂತರು ಹೊಳೆಯ ಹೆಸರನ್ನೇ ಮನೆತನಕ್ಕಿಟ್ಟುಕೊಂಡರು, ಆ ಮನೆತನದವರು ಹಡಗು ಹತ್ತಿದರು. ಮಾರ್ಟಿಮ್ ಅಫೊನ್ಸೊ ಡಿ ಸೋಜ 1532ರಲ್ಲಿ ಬ್ರೆಜಿಲ್ಲಿನಲ್ಲಿ ಸಾವೊ ವಿಸೆಂಟೆ ಪಟ್ಟಣವನ್ನು ಸ್ಥಾಪಿಸಿ, ಅಲ್ಲಿಗೆ ತೃಪ್ತನಾಗದೆ 1542ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರನ್ನೂ ಕರೆದುಕೊಂಡು ಗೋವಾಕ್ಕೆ ಗವರ್ನರ್ ಆಗಿ ಬಂದನು. ತೊಮೆ ಡಿ ಸೋಜ 1549ರಲ್ಲಿ ಬ್ರೆಜಿಲ್ಲಿನ ಮೊದಲ ಗವರ್ನರ್ ಜನರಲ್ ಆಗಿ ಸಾಲ್ವಡೋರ್ ನಗರವನ್ನು ಕಟ್ಟಿಸಿದನು.

ಗೋವಾದಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಆ ವೇಳೆಯಲ್ಲಿ ತಂದೆಯ ಸ್ಥಾನದಲ್ಲಿ ನಿಂತ ಅಧಿಕಾರಿಯ ಅಥವಾ ಪಾದ್ರಿಯ ಹೆಸರು ಬರುತ್ತಿತ್ತು. ಹೀಗಾಗಿ ರಕ್ತಸಂಬಂಧವೇ ಇಲ್ಲದ ಎಷ್ಟೋ ಮನೆಗಳು ಡಿಸೋಜ ಆದವು. ಎಷ್ಟೋ ಮನೆಗಳು ಪ್ರಭು, ಕಾಮತ, ಶೆಣೈ, ನಾಯಕ ಎಂಬ ಹಳೆಯ ಹೆಸರುಗಳನ್ನೂ ಬಿಡದೆ ನೆನಪಿಟ್ಟುಕೊಂಡವು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಆರಂಭವಾಯಿತು. ಹೊಸ ಕ್ರೈಸ್ತರು ಹಳೆಯ ಆಚಾರಗಳನ್ನು ಉಳಿಸಿಕೊಂಡಿದ್ದಾರೆಯೇ ಎಂದು ಅಡುಗೆಮನೆಯವರೆಗೂ ಇಣುಕಿ ನೋಡಿದ ಸಂಸ್ಥೆಯದು. ಅದರ ಕಾಟಕ್ಕೂ ಕ್ಷಾಮಕ್ಕೂ ಯುದ್ಧಗಳಿಗೂ ಬೇಸತ್ತು ದಕ್ಷಿಣಕ್ಕೆ ಬಂದವರಿಗೆ ಕೆಳದಿಯ ಅರಸರು ಸಾಗುವಳಿಗೆ ಭೂಮಿ ಕೊಟ್ಟರು. ಹೆಸರಿನ ಕಾಗುಣಿತ ಹೊಂದುತ್ತಿಲ್ಲವೆಂದು ಇಕ್ಕೇರಿಯಿಂದ ಯಾರನ್ನಾದರೂ ವಾಪಸು ಕಳುಹಿಸಿದ ಸುದ್ದಿ ನಾನಂತೂ ಕೇಳಿಲ್ಲ. ಮಂಗಳೂರಿನಲ್ಲಿ ಡಿಸೋಜ ಹುಡುಗ ಡಿಸೋಜ ಹುಡುಗಿಯನ್ನು ಮದುವೆಯಾದರೆ ಇಂದಿಗೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಗಂಡನ ಕುಲನಾಮಕ್ಕೆ ಬದಲಾಗುವ ಕಷ್ಟ ತಪ್ಪಿತೆಂದು ಆಕೆ ಸಂತೋಷಪಡುವಂತಿಲ್ಲ. ಅವಳದರಲ್ಲಿ ಅಲ್ಪವಿರಾಮವಿದ್ದು ಅವನದರಲ್ಲಿ ಬರೀ ಖಾಲಿ ಜಾಗವಿದ್ದರೆ ಅವರು ಬೇರೆ ಬೇರೆ ಕುಲದವರೇ ಸರಿ.

ಇನ್ನು ಈ ಹೆಸರಿನ ಬಳಗದ ಕಡೆ ಕಣ್ಣು ಹಾಯಿಸಿದರೆ ಯಾವ ಸರ್ವರ್ ಆದರೂ ಕುಸಿದು ಬಿದ್ದೀತು. ಬ್ರೆಜಿಲ್ಲಿನ ಪರಾಯಿಬಾ ರಾಜ್ಯದ ಸೋಜ ಪಟ್ಟಣ ಹತ್ತು ಕೋಟಿಗೂ ಹೆಚ್ಚು ವರ್ಷ ಹಳೆಯ ಡೈನೊಸಾರ್ ಹೆಜ್ಜೆಗುರುತುಗಳಿಗೆ ಹೆಸರಾಗಿದೆ. ಶ್ರೀಲಂಕಾದಲ್ಲಿ ಇದೇ ಹೆಸರು ಸಿಂಹಳದ ನಾಲಗೆಗೆ ಒಗ್ಗಿ ಡಿ ಸೊಯ್ಸಾ ಆಗಿದೆ. ಕಾರವಾರದ ಕಡಲಿನಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್ನುಗಳ ಕುಲಕ್ಕೆ ಪ್ರಾಣಿಶಾಸ್ತ್ರಜ್ಞರು ಇಟ್ಟಿರುವ ಹೆಸರೂ ಸೋಜವೇ. 1866ರಿಂದ ಒಂದೇ ಕಾಗುಣಿತದಲ್ಲಿ ಉಳಿದು ಬಂದಿರುವ ಆ ದಾಖಲೆಯನ್ನು ನೋಡಿದರೆ ಮನುಷ್ಯ ಡಿಸೋಜರಿಗೆ ಹೊಟ್ಟೆಕಿಚ್ಚಾಗಬೇಕು. ವಾಷಿಂಗ್ಟನ್ನಿನಲ್ಲಿ 1854ರಲ್ಲಿ ಹುಟ್ಟಿದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೋಜ ಮೈಗೆ ಸುತ್ತಿಕೊಂಡು ಊದುವ ದೈತ್ಯ ಕಹಳೆಗೆ ತನ್ನ ಹೆಸರನ್ನೇ ಬಿಟ್ಟುಹೋದನು. ಆತನ ನಿಜವಾದ ಹೆಸರು ಬೇರೆಯೇ ಇತ್ತೆಂದೂ, ಪೆಟ್ಟಿಗೆಯ ಮೇಲಿದ್ದ ಎಸ್, ಒ ಎಂಬ ಇನಿಷಿಯಲ್ಲುಗಳಿಗೆ ಯು.ಎಸ್.ಎ. ಸೇರಿ ಸೋಜ ಹುಟ್ಟಿತೆಂದೂ ಜನ ಕಥೆ ಕಟ್ಟಿದರು. ಅದು ಸುಳ್ಳೆಂದು ಆ ಪುಣ್ಯಾತ್ಮ ತಾನೇ ಹೇಳಬೇಕಾಯಿತು. ತನ್ನ ಹೆಸರು ತನ್ನದೇ ಎಂದು ರುಜುವಾತು ಮಾಡುವ ಕಷ್ಟ ಅಷ್ಟು ಹಿಂದೆಯೇ ಆರಂಭವಾಗಿತ್ತು.

ನಗುತ್ತಲೇ ಇರಲಾಗದ ಕೊಂಡಿಯೂ ಇದರಲ್ಲಿದೆ. ಸಾಲ್ವಡೋರಿನಲ್ಲಿ ಹುಟ್ಟಿದ ಫ್ರಾನ್ಸಿಸ್ಕೊ ಫೆಲಿಕ್ಸ್ ಡಿ ಸೋಜ ಎಂಬವನು ಈಗಿನ ಬೆನಿನ್ ದೇಶದ ವಿದಾ ಬಂದರಿನಲ್ಲಿ ಗುಲಾಮರ ವ್ಯಾಪಾರ ಮಾಡಿ, ಅಲ್ಲಿನ ಅರಸನಿಂದ 'ಚಾಚಾ' ಎಂಬ ಬಿರುದನ್ನು ಪಡೆದು, 1849ರಲ್ಲಿ ಸತ್ತನು. ಆತ ಹಡಗು ಹತ್ತಿಸಿದವರು ಸಮುದ್ರದ ಆಚೆ ಒಡೆಯರ ಹೆಸರುಗಳನ್ನು ಹೊತ್ತು ದುಡಿದರು, ಬಿಡುಗಡೆಯಾದವರಲ್ಲಿ ಕೆಲವರು ಅದೇ ಹೆಸರುಗಳೊಂದಿಗೆ ಅದೇ ತೀರಕ್ಕೆ ಮರಳಿದರು. ಮಾರಿದವನ ಮೊಮ್ಮಕ್ಕಳೂ ಮಾರಿಸಿಕೊಂಡವರ ಮೊಮ್ಮಕ್ಕಳೂ ಒಂದೇ ಊರಿನಲ್ಲಿ ಒಂದೇ ಬಗೆಯ ಹೆಸರಿನಿಂದ ಬದುಕುತ್ತಾರೆ. ಹೆಸರನ್ನು ಯಾರೂ ಕೇಳಿ ಪಡೆಯಲಿಲ್ಲ. ಬರೆದುಕೊಟ್ಟವರು ಪಾದ್ರಿ, ಒಡೆಯ, ಶಾಲೆಯ ಮೇಷ್ಟರು, ಸರ್ಕಾರಿ ಗುಮಾಸ್ತ. ಕಿವಿಗೆ ಬಿದ್ದಂತೆ ಬರೆದವರು ಅವರು, ತಪ್ಪು ತಿದ್ದಿಸಲು ಸಾಲಿನಲ್ಲಿ ನಿಲ್ಲಬೇಕಾದವರು ಇವರು. ರೇಷನ್ ಕಾರ್ಡಿನಲ್ಲಿ ಡಿಸೌಜ ಎಂದೂ ಮತದಾರರ ಪಟ್ಟಿಯಲ್ಲಿ ಡಿಸೂಜ ಎಂದೂ ತಾನೇ ಬರೆದ ವ್ಯವಸ್ಥೆ, ಎಪ್ಪತ್ತು ದಾಟಿದ ಪಿಂಚಣಿದಾರನನ್ನು ಕೂರಿಸಿಕೊಂಡು 'ಇವರಲ್ಲಿ ನೀವು ಯಾರು?' ಎಂದು ಕೇಳುವುದು ತಮಾಷೆಯಲ್ಲ. ಅದು ನಾಚಿಕೆಗೇಡು.

ಇದರ ನಡುವೆ, ಪರಕೀಯ ಕುರುಹುಗಳನ್ನೆಲ್ಲ ಅಳಿಸಬೇಕೆನ್ನುವವರು ಆ ಅಪಾಸ್ಟ್ರಫಿ ಹೋದದ್ದೇ ಒಳ್ಳೆಯದಾಯಿತೆಂದು ಹಿಗ್ಗಬಹುದು. ಅವರ ಗಮನಕ್ಕೆ: ಪೋರ್ಚುಗೀಸರು ಈ ಹೆಸರಿನಲ್ಲಿ ಅದನ್ನು ಬಳಸುವುದೇ ಇಲ್ಲ, ಡಿ ಮತ್ತು ಸೋಜಗಳನ್ನು ಬಿಡಿಸಿ ಬರೆಯುತ್ತಾರೆ. ಅಪಾಸ್ಟ್ರಫಿಯನ್ನು ಕೈಬಿಟ್ಟು ಅಕ್ಷರಗಳನ್ನು ಕೂಡಿಸಬೇಕೆಂಬುದು ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಸಾಲುಗಳಿಗೆ ಮಾಡಿದ ಅಂತಾರಾಷ್ಟ್ರೀಯ ನಿಯಮ. ಆದರೆ ಅಲ್ಲಿ ಯಂತ್ರಕ್ಕೊಂದು ಸಾಲು, ಮನುಷ್ಯರಿಗೊಂದು ಸಾಲು ಎಂಬ ವಿವೇಕವಾದರೂ ಇದೆ.

ನಮ್ಮಲ್ಲಿ ಇರುವ ಪರಿಹಾರ ಅಫಿಡವಿಟ್. ಛಾಪಾ ಕಾಗದದ ಮೇಲೆ 'ಮೇಲ್ಕಂಡ ಮೂರೂ ಹೆಸರುಗಳ ವ್ಯಕ್ತಿ ನಾನೊಬ್ಬನೇ' ಎಂದು ನೋಟರಿಯ ಎದುರು ಪ್ರಮಾಣ ಮಾಡಬೇಕು. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜನ್ಮಕ್ಕೆ ಎರಡೇ ಅವಕಾಶ. ಡಿಸೋಜರು ಮೊದಲನೆಯದನ್ನು ಚಿಹ್ನೆ ತೆಗೆಸುವುದಕ್ಕೂ ಎರಡನೆಯದನ್ನು ಅದು ಬಿಟ್ಟುಹೋದ ಖಾಲಿ ಜಾಗವನ್ನು ಮುಚ್ಚಿಸುವುದಕ್ಕೂ ಬಳಸಿಕೊಳ್ಳಲಿ. ಆಮೇಲೆ ಯಾವುದಾದರೂ ಬ್ಯಾಂಕು ತನ್ನ ತಂತ್ರಾಂಶವನ್ನು ಸುಧಾರಿಸಿ, ಅಪಾಸ್ಟ್ರಫಿಯನ್ನು ಸ್ವೀಕರಿಸಲು ಕಲಿತು, ಹೆಸರು ಮೂಲ ದಾಖಲೆಯಲ್ಲಿ ಇದ್ದಂತೆಯೇ ಇರತಕ್ಕದ್ದೆಂದು ಅವರಿಗೆ ಪತ್ರ ಬರೆಯುತ್ತದೆ.