ಮಳೆಯಲ್ಲಿ ನೆನೆದ ರಾಣಿ ಮತ್ತು 1918

ಮೊನ್ನೆ ರಾತ್ರಿ ಆ ಹಳೇ ವಿಡಿಯೋ ಮತ್ತೆ ಕಣ್ಣಿಗೆ ಬಿತ್ತು. 1953ರ ಜೂನ್ 2, ಲಂಡನ್. ಎರಡನೇ ಎಲಿಜಬೆತ್ ಅವರ ಪಟ್ಟಾಭಿಷೇಕದ ಮೆರವಣಿಗೆ. ಧೋ ಅಂತ ಮಳೆ. ಒಂದು ಕುದುರೆಗಾಡಿ ಮಾತ್ರ ಮೇಲೆ ಹೊದಿಕೆಯಿಲ್ಲದೆ ಬರುತ್ತಿದೆ. ಒಳಗೆ ಆರಡಿ ಮೀರಿದ ಎತ್ತರದ ಹೆಂಗಸು. ಮುಖದ ಮೇಲೆ ನೀರು ಇಳಿಯುತ್ತಿದ್ದರೂ ಜನರತ್ತ ಕೈ ಬೀಸಿ ನಗುತ್ತಿದ್ದಾರೆ. ಜೊತೆಗೆ ಕೂತ ಮಲಯಾದ ಕೆಲಂತಾನ್ ಸುಲ್ತಾನರೂ ನೆನೆದು ತೊಪ್ಪೆ.

ಅವರೇ ಪೆಸಿಫಿಕ್ ಸಾಗರದ ದ್ವೀಪರಾಜ್ಯ ಟೋಂಗಾದ ರಾಣಿ ಸಾಲೋಟೆ. "ಎಷ್ಟು ಖುಷಿಯ ರಾಣಿ" ಅಂತ ಎಲ್ಲರೂ ಮೆಚ್ಚುತ್ತಾರೆ. ಅಷ್ಟಕ್ಕೇ ಬಿಟ್ಟುಬಿಡುವುದು ನನಗೆ ಬೇಸರ. ಅದು ಸುಮ್ನೆ ಖುಷಿಗೆ ನೆನೆದದ್ದಲ್ಲ. ಟೋಂಗಾದ ಪದ್ಧತಿಯಲ್ಲಿ, ಗೌರವ ಪಡೆಯುತ್ತಿರುವವರು ಮಾಡಿದಂತೆ ತಾವೂ ಮಾಡಬಾರದು. ಎಲಿಜಬೆತ್ ಮುಚ್ಚಿದ ಗಾಡಿಯಲ್ಲಿದ್ದರು, ಹಾಗಾಗಿ ಇವರು ತೆರೆದ ಗಾಡಿಯಲ್ಲೇ ಕೂತರು.

ಇಷ್ಟು ಗೌರವ ಗೊತ್ತಿದ್ದ ಹೆಂಗಸಿಗೆ ಸ್ವಂತ ನೆಲದಲ್ಲಿ ಆರಂಭದಲ್ಲಿ ಸಿಕ್ಕಿದ್ದೇನು? ಹುಟ್ಟೋದಕ್ಕೂ ಮೊದಲೇ ಮುನಿಸು. ಅಪ್ಪ ಎರಡನೇ ಜಾರ್ಜ್ ಟುಪೌ ದೊಡ್ಡ ಮನೆತನದ ಓಫಾರನ್ನು ಮದುವೆಯಾಗಲಿ ಅಂತ ಬಹಳಷ್ಟು ನಾಯಕರು ಬಯಸಿದ್ದರು. ರಾಜ ಕೈ ಹಿಡಿದದ್ದು ಲವೀನಿಯಾರನ್ನು. ಆ ಸಿಟ್ಟು 1900ರಲ್ಲಿ ಹುಟ್ಟಿದ ಕೂಸಿನ ಮೇಲೂ ಬಿತ್ತು. ಮಗುವಿಗೆ ಎರಡು ವರ್ಷವಾದಾಗ ಕ್ಷಯದಿಂದ ತಾಯಿಯೂ ಹೋದರು.

1909ರಲ್ಲಿ ಅಪ್ಪ ಮರುಮದುವೆಯಾದರು. ಹೆಣ್ಣು ಯಾರು ಗೊತ್ತಾ? ಅದೇ ಓಫಾರ ಮಲತಂಗಿ ಟಾಕಿಪೊ. ಅವರಿಗೆ ಗಂಡು ಹುಟ್ಟಿದರೆ ಸಾಲೋಟೆಗೆ ಪಟ್ಟವಿಲ್ಲ. ಮದುವೆಯಾಗಿ ಕೆಲವೇ ವಾರಕ್ಕೆ ಸಾಲೋಟೆಯನ್ನು ಓದಲು ಅಂತ ಹಡಗು ಹತ್ತಿಸಿ ಆಕ್ಲೆಂಡಿಗೆ ಕಳಿಸಿದರು. 9 ವರ್ಷದ ಹುಡುಗಿ. ತಾಯಿಯಿಲ್ಲ, ಗೊತ್ತಿಲ್ಲದ ಊರು. ನನಗೆ ಆ ರಾಣಿಗಿಂತ ಈ ಹುಡುಗಿಯೇ ಜಾಸ್ತಿ ಕಾಡುತ್ತಾಳೆ.

ಗಂಡು ಹುಟ್ಟಲಿಲ್ಲ. 1917ರಲ್ಲಿ ಸಾಲೋಟೆಗೆ ಟುಂಗಿ ಮೈಲೆಫಿಹಿ ಜೊತೆ ಮದುವೆಯಾಯಿತು. ಅವರು 12 ವರ್ಷಕ್ಕೂ ಜಾಸ್ತಿ ದೊಡ್ಡವರು. ಆದರೆ ಈ ಸಂಬಂಧದಿಂದ ಹುಟ್ಟುವ ಮಗುವಿನಲ್ಲಿ ಟೋಂಗಾದ ಮೂರು ರಾಜಮನೆತನಗಳ ರಕ್ತ ಸೇರುತ್ತಿತ್ತು. ಅಪ್ಪ ಅಷ್ಟು ದೂರ ನೋಡಿದ್ದರು ಅನ್ನಿಸುತ್ತದೆ.

1918ರ ಏಪ್ರಿಲ್ 5ರಂದು ಅಪ್ಪ ತೀರಿಕೊಂಡರು, ಮಗಳು ರಾಣಿಯಾದರು. ಆಗ ಅವರಿಗೆ 18 ತುಂಬಿ ತಿಂಗಳೂ ಆಗಿರಲಿಲ್ಲ. ಆರು ತಿಂಗಳ ಬಸುರಿ ಬೇರೆ. ಜುಲೈನಲ್ಲಿ ಹೆರಿಗೆ, ಅಕ್ಟೋಬರ್ 11ಕ್ಕೆ ಪಟ್ಟಾಭಿಷೇಕ. ನವೆಂಬರ್‌ನಲ್ಲಿ ಟಾಲೂನ್ ಅನ್ನೋ ಹಡಗು ಇನ್‌ಫ್ಲುಯೆಂಜಾ ಹೊತ್ತು ತಂದಿತು. ನೂರಕ್ಕೆ ಸುಮಾರು 8 ಜನ ಸತ್ತರು. ಮಲತಾಯಿ ಟಾಕಿಪೊ ಕೂಡ ಅದರಲ್ಲೇ ಹೋದರು. ಬಾಣಂತಿ ಹುಡುಗಿಯೊಬ್ಬಳು ಆಳಲು ಕೂತ ಮೊದಲ ವರ್ಷ ಇದು.

ಆಮೇಲೆ 47 ವರ್ಷ ಆಳಿದರು. 1936ರಲ್ಲಿ ಎರಡನೇ ಮಗ ಹೋದ, 1941ರಲ್ಲಿ ಗಂಡ. ಹಾಡು ಕಟ್ಟಿದರು, ನೃತ್ಯಗಳಿಗೆ ಪದ ಬರೆದರು. 1951ರಲ್ಲಿ ಟೋಂಗಾದ ಹೆಂಗಸರಿಗೆ ಓಟಿನ ಹಕ್ಕು ಬಂದದ್ದೂ ಅವರ ಕಾಲದಲ್ಲೇ.

1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪಟ್ಟಕ್ಕೆ ಬಂದವರು ನಾಲ್ಕನೇ ಟುಪೌ. 1918ರ ಆ ಏಪ್ರಿಲ್‌ನಲ್ಲಿ ಸಾಲೋಟೆಯ ಹೊಟ್ಟೆಯಲ್ಲಿದ್ದ ಮಗ.