ಒಂದೂವರೆ ತಾಸು ಲೈಟ್ ಹಾಕಬೇಡಿ ಮಾರಾಯ್ರೆ

ಮೈ ಜುಂ ಅನ್ನಿಸುವ ವಿಚಿತ್ರ ಸಿನಿಮಾಗಳನ್ನು ಮನೆಯಲ್ಲೇ ನೋಡಬೇಕು. ಕತ್ತಲೆ ಇರಬೇಕು, ಯಾರೂ ಮಾತಾಡಬಾರದು. ನಮ್ಮ ಶಿರಸಿ ಮನೆಯಲ್ಲಿ ಅದೆರಡೇ ಸಿಗುವುದಿಲ್ಲ!

ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ಅವರ 1977ರ ಸಿನಿಮಾ ‘ಇರೇಸರ್‌ಹೆಡ್’ ಹಾಕಿದ್ದೆ. ಕಪ್ಪು-ಬಿಳುಪು, ಒಂದೂವರೆ ತಾಸಿನದು. ಹಿಂದೆ ಯಂತ್ರದ ಗುಂಯ್ ಸದ್ದು ಬಿಡದೆ ಕೇಳುತ್ತಿರುತ್ತದೆ, ಅರ್ಧ ಭಯ ಇರುವುದೇ ಅದರಲ್ಲಿ. ಅದು ಒಳಗೆ ಇಳಿಯುತ್ತಿರುವಾಗಲೇ ಅಪ್ಪಚ್ಚಿ ಬಂದು ಟಪ್ ಅಂತ ಟ್ಯೂಬ್‌ಲೈಟ್ ಹಾಕಿ, "ಇದ್ರ ಕಥೆ ಎಂತದೋ ತಮಾ?" ಅಂತಾರೆ. ಎಂತ ಹೇಳುವುದು? ಕಥೆ ಪೂರ್ತಿ ಅರ್ಥ ಆಗದೆಯೂ ಹೊಟ್ಟೆಯೊಳಗೆ ಏನೋ ಕಲಕುತ್ತದಲ್ಲ, ಆ ಕಳವಳಕ್ಕೇ ಅಲ್ವಾ ನಾನು ಕೂತಿರುವುದು!

ಮಳೆಗಾಲದಲ್ಲಂತೂ ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಏನೂ ಕೇಳಿಸುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ, ಊಟಕ್ಕೆ ಕರೆದದ್ದು ಕೇಳಲಿಲ್ಲ ಅಂತ ಆಯಿಯ ಸಿಟ್ಟು.